1 ಎಚ್‌ಪಿ ಮೋಟಾರ್ ಸಾಕಾ, 2 ಎಚ್‌ಪಿ ಬೇಕಾ? ಉತ್ತರ 9ನೇ ತರಗತಿಯ ಭೌತಶಾಸ್ತ್ರದಲ್ಲೇ ಇದೆ

ಹೌಸಿಂಗ್ ಸೊಸೈಟಿಯ ನೀರಿನ ಪಂಪ್ ಕೆಟ್ಟಿತು ಎಂದರೆ ಮೀಟಿಂಗ್‌ನಲ್ಲಿ ಒಂದು ವಾದ ಗ್ಯಾರಂಟಿ. '1 ಎಚ್‌ಪಿ ಮೋಟಾರ್ ಸಾಕು, ಕರೆಂಟ್ ಬಿಲ್ ಉಳಿಯುತ್ತೆ' ಅಂತ ಒಬ್ಬರು. '2 ಎಚ್‌ಪಿ ಹಾಕಿಸಿ, ಟ್ಯಾಂಕ್ ಬೇಗ ತುಂಬುತ್ತೆ' ಅಂತ ಇನ್ನೊಬ್ಬರು. ಎಚ್‌ಪಿ ಎರಡರಷ್ಟಾದರೆ ಬಿಲ್ಲೂ ಎರಡರಷ್ಟಾಗುತ್ತದೆ ಎಂಬ ಭಯದಲ್ಲಿ ಹೆಚ್ಚಿನವರು ಮೊದಲನೆಯವರ ಪರ ಕೈ ಎತ್ತುತ್ತಾರೆ. ನಿಜಕ್ಕೂ ಹಾಗಾಗುತ್ತದೆಯೇ? ಲೆಕ್ಕ ಹಾಕಿ ನೋಡೋಣ. ಇದಕ್ಕೆ ಎಂಜಿನಿಯರ್ ಆಗಬೇಕಿಲ್ಲ, ಒಂದು ಭಾಗಾಕಾರ ಗೊತ್ತಿದ್ದರೆ ಸಾಕು.

ಮೊದಲು ಪದಗಳ ಗೊಂದಲ

ಕನ್ನಡ ಮಾಧ್ಯಮದ ವಿಜ್ಞಾನ ಪುಸ್ತಕಗಳಲ್ಲಿ ಎನರ್ಜಿಗೆ 'ಶಕ್ತಿ', ಪವರ್‌ಗೆ 'ಸಾಮರ್ಥ್ಯ' ಎಂಬ ಪದಗಳಿವೆ. ಆದರೆ ಹಿಂದಿ ಮತ್ತು ಮರಾಠಿ ಪುಸ್ತಕಗಳಲ್ಲಿ ಎನರ್ಜಿ ಎಂದರೆ 'ಊರ್ಜಾ', 'ಶಕ್ತಿ' ಎಂದರೆ ಪವರ್! ಪುಣೆಯಲ್ಲೋ ದೆಹಲಿಯಲ್ಲೋ ಓದುವ ಮಗುವಿಗೆ ಊರಿನಲ್ಲಿ ಕಲಿತ ಅಪ್ಪ ಅಮ್ಮ ಪಾಠ ಹೇಳಿಕೊಡಲು ಕೂತರೆ, ಇಬ್ಬರೂ 'ಶಕ್ತಿ' ಎನ್ನುತ್ತಲೇ ಬೇರೆ ಬೇರೆ ವಿಷಯ ಮಾತನಾಡುತ್ತಿರುತ್ತಾರೆ. ಹೈದರಾಬಾದ್‌ನಲ್ಲಿರುವವರಿಗೆ ಈ ತಲೆನೋವಿಲ್ಲ, ತೆಲುಗಿನಲ್ಲೂ ಶಕ್ತಿ, ಸಾಮರ್ಥ್ಯ ಎಂದೇ ಇದೆ. ಇಲ್ಲಿ ನಾವು ಕನ್ನಡ ಪುಸ್ತಕದ ಪದಗಳನ್ನೇ ಬಳಸೋಣ.

ಒಂದು ವಸ್ತುವನ್ನು ಮೇಲಕ್ಕೆತ್ತಿದರೆ ಆಗುವ ಕೆಲಸವನ್ನು ಜೂಲ್‌ಗಳಲ್ಲಿ ಅಳೆಯುತ್ತೇವೆ. ದ್ರವ್ಯರಾಶಿಯನ್ನು ಗುರುತ್ವ ವೇಗೋತ್ಕರ್ಷವಾದ 9.8ರಿಂದಲೂ ಎತ್ತರದಿಂದಲೂ ಗುಣಿಸಿದರೆ ಅದು ಸಿಗುತ್ತದೆ. ಆ ಕೆಲಸವನ್ನು ಅದಕ್ಕೆ ಹಿಡಿದ ಸಮಯದಿಂದ ಭಾಗಿಸಿದರೆ ಬರುವುದೇ ಸಾಮರ್ಥ್ಯ. ಒಂದು ಸೆಕೆಂಡಿಗೆ ಒಂದು ಜೂಲ್ ಕೆಲಸ ನಡೆದರೆ ಅದು 1 ವ್ಯಾಟ್.

ಮೆಟ್ಟಿಲು ಹತ್ತಿ ನೋಡಿ

60 ಕೆಜಿ ತೂಕದ ವ್ಯಕ್ತಿ 12 ಮೀಟರ್, ಅಂದರೆ ಸುಮಾರು ನಾಲ್ಕು ಮಹಡಿ ಹತ್ತಿದರು ಎಂದುಕೊಳ್ಳಿ. ಕೆಲಸ 60 × 9.8 × 12 = 7,056 ಜೂಲ್. ಒಂದು ನಿಮಿಷದಲ್ಲಿ ಹತ್ತಿದರೆ ಸಾಮರ್ಥ್ಯ ಸುಮಾರು 118 ವ್ಯಾಟ್. ಮಧ್ಯೆ ನಿಂತು, ಪಕ್ಕದ ಮನೆಯವರ ಜೊತೆ ಮಾತಾಡಿ, ಮೂರು ನಿಮಿಷದಲ್ಲಿ ತಲುಪಿದರೆ ಸುಮಾರು 39 ವ್ಯಾಟ್. ಹಾಲು ಉಕ್ಕುತ್ತಿದೆ ಎಂದು 24 ಸೆಕೆಂಡಿನಲ್ಲಿ ಓಡಿದರೆ 294 ವ್ಯಾಟ್. ಮೂರೂ ಸಲ ಗುರುತ್ವದ ವಿರುದ್ಧ ಆದ ಕೆಲಸ ಅಷ್ಟೇ, ಬದಲಾದದ್ದು ಸಮಯ ಮಾತ್ರ. ಏದುಸಿರು ಬರುವುದು ಆ 294ಕ್ಕೆ.

ಈ 7,056 ಜೂಲ್ ಎಷ್ಟು ಅಂತೀರಾ? 9 ವ್ಯಾಟ್‌ನ ಎಲ್‌ಇಡಿ ಬಲ್ಬ್ 13 ನಿಮಿಷ ಉರಿಯುವಷ್ಟು. ಅಷ್ಟು ಬೆವರು ಸುರಿಸಿದ್ದಕ್ಕೆ ಇಷ್ಟೇನಾ ಅನ್ನಿಸುವುದು ಸಹಜ!

ಮಕ್ಕಳು ಅಂಕ ಕಳೆದುಕೊಳ್ಳುವುದು ಹೆಚ್ಚಾಗಿ ಸೂತ್ರದಲ್ಲಲ್ಲ, ಸಮಯದಲ್ಲಿ. ಪ್ರಶ್ನೆಯಲ್ಲಿ ನಿಮಿಷ ಎಂದಿದ್ದರೆ 60ರಿಂದ ಗುಣಿಸಿ ಸೆಕೆಂಡಿಗೆ ಬದಲಿಸಿಕೊಳ್ಳಬೇಕು. ಹಾಗೆ ಮಾಡದಿದ್ದರೆ ಮನುಷ್ಯನೊಬ್ಬ 7,000 ವ್ಯಾಟ್‌ನಲ್ಲಿ ಮೆಟ್ಟಿಲು ಹತ್ತಿದ ಎಂಬ ಉತ್ತರ ಬರುತ್ತದೆ.

ಕುದುರೆ ಎಲ್ಲಿಂದ ಬಂತು?

ಸ್ಕಾಟ್ಲೆಂಡ್‌ನ ಜೇಮ್ಸ್ ವ್ಯಾಟ್ 18ನೇ ಶತಮಾನದಲ್ಲಿ ಸುಧಾರಿತ ಉಗಿ ಯಂತ್ರ ಮಾಡಿದರೂ ಅದನ್ನು ಮಾರಬೇಕಿತ್ತು. ಗ್ರಾಹಕರಿಗೆ ಗೊತ್ತಿದ್ದದ್ದು ಕುದುರೆ. ಹಾಗಾಗಿ ತನ್ನ ಯಂತ್ರ ಎಷ್ಟು ಕುದುರೆಗಳಿಗೆ ಸಮ ಎಂದು ಹೇಳಲು, ಒಂದು ಕುದುರೆ ನಿಮಿಷಕ್ಕೆ 33,000 ಅಡಿ-ಪೌಂಡ್ ಕೆಲಸ ಮಾಡುತ್ತದೆ ಎಂಬ ಲೆಕ್ಕ ಇಟ್ಟುಕೊಂಡರು. ಅದೇ ಹಾರ್ಸ್‌ಪವರ್, ಇಂದಿನ ಅಳತೆಯಲ್ಲಿ ಸುಮಾರು 746 ವ್ಯಾಟ್. ವ್ಯಾಟ್ ಎಂಬ ಮಾನಕ್ಕೆ ಅವರ ಹೆಸರನ್ನು ಸೂಚಿಸಿದ್ದು ಅವರು ತೀರಿಕೊಂಡ ಎಷ್ಟೋ ದಶಕಗಳ ಬಳಿಕ, 1882ರಲ್ಲಿ. ಕುದುರೆಗಳು ಹೋದವು, ಮೋಟಾರ್ ಮೇಲಿನ ಎಚ್‌ಪಿ ಉಳಿಯಿತು.

ಈಗ ಪಂಪ್ ಲೆಕ್ಕ

ನೆಲಮಟ್ಟದ ಸಂಪ್‌ನಿಂದ 20 ಮೀಟರ್ ಎತ್ತರದ ಟ್ಯಾಂಕ್‌ಗೆ 10,000 ಲೀಟರ್ ನೀರು ಏರಿಸಬೇಕು. ಒಂದು ಲೀಟರ್ ನೀರು ಸುಮಾರು ಒಂದು ಕೆಜಿ. ಕೆಲಸ 10,000 × 9.8 × 20 = 19.6 ಲಕ್ಷ ಜೂಲ್.

ಮೋಟಾರ್ ಕೊಡುವುದೆಲ್ಲ ನೀರಿಗೆ ಸಿಗುವುದಿಲ್ಲ. ಪಂಪ್‌ನಲ್ಲಿ ಅರ್ಧ ನಷ್ಟ ಎಂದು ಹಿಡಿದರೆ 1 ಎಚ್‌ಪಿಯಲ್ಲಿ ನೀರಿಗೆ ದಕ್ಕುವುದು 373 ವ್ಯಾಟ್. 19.6 ಲಕ್ಷವನ್ನು ಇದರಿಂದ ಭಾಗಿಸಿದರೆ ಸುಮಾರು 5,255 ಸೆಕೆಂಡ್, ಅಂದರೆ 88 ನಿಮಿಷ. 2 ಎಚ್‌ಪಿ ಆದರೆ 44 ನಿಮಿಷ.

ಇನ್ನು ಬಿಲ್. ಮೋಟಾರ್‌ನ ಒಳಗಿನ ನಷ್ಟವನ್ನೂ ಸೇರಿಸಿ 1 ಎಚ್‌ಪಿ ಮೋಟಾರ್ ಸುಮಾರು 1 ಕಿಲೋವ್ಯಾಟ್, 2 ಎಚ್‌ಪಿಯದ್ದು ಸುಮಾರು 2 ಕಿಲೋವ್ಯಾಟ್ ಎಳೆಯುತ್ತದೆ ಎಂದುಕೊಳ್ಳಿ. 1 ಕಿಲೋವ್ಯಾಟ್ 88 ನಿಮಿಷ ಓಡಿದರೆ ಸುಮಾರು 1.5 ಯುನಿಟ್. 2 ಕಿಲೋವ್ಯಾಟ್ 44 ನಿಮಿಷ ಓಡಿದರೂ ಅದೇ 1.5 ಯುನಿಟ್! ಮೀಟರ್ ಎಣಿಸುವುದು ಸಾಮರ್ಥ್ಯವನ್ನಲ್ಲ, ಒಟ್ಟು ಶಕ್ತಿಯನ್ನು. ಒಂದು ಯುನಿಟ್ ಎಂದರೆ ಒಂದು ಕಿಲೋವ್ಯಾಟ್ ಒಂದು ಗಂಟೆ ಬಳಕೆ, 36 ಲಕ್ಷ ಜೂಲ್. 'ಗಂಟೆಗೆ ಇಷ್ಟು ಕಿಲೋವ್ಯಾಟ್ ಉರಿಯುತ್ತದೆ' ಎಂಬ ಮಾತು ಸುದ್ದಿಗಳಲ್ಲೂ ಆಗಾಗ ಕಾಣುತ್ತದೆ, ಅದು ತಪ್ಪು. ಕಿಲೋವ್ಯಾಟ್ ಎಂಬುದರ ಒಳಗೇ ಸಮಯ ಇದೆ.

ಹಾಗಾದರೆ ದೊಡ್ಡ ಮೋಟಾರ್‌ನಿಂದ ಸಿಗುವುದೇನು? ಸಮಯ. ನಲ್ಲಿ ನೀರು ದಿನಕ್ಕೆ ಒಂದೇ ಗಂಟೆ ಬರುವ ಕಡೆ, ಸಂಪ್ ಚಿಕ್ಕದಿದ್ದರೆ, ಅದು ತುಂಬುತ್ತಿದ್ದಂತೆ ಮೇಲಕ್ಕೆ ಸಾಗಿಸಲೇಬೇಕು. ಅಲ್ಲಿ 88 ನಿಮಿಷದ ಪಂಪ್ ಎಂದರೆ ಅರ್ಧಂಬರ್ಧ ತುಂಬಿದ ಟ್ಯಾಂಕ್, ಉಳಿದದ್ದಕ್ಕೆ ಟ್ಯಾಂಕರ್. ದಿನವಿಡೀ ನೀರಿದ್ದು, ಸಂಪ್ ದೊಡ್ಡದಿದ್ದರೆ ಸಣ್ಣ ಪಂಪ್ ನಿಧಾನವಾಗಿ ಓಡಲಿ ಬಿಡಿ.

2 ಎಚ್‌ಪಿಗೆ ಖರ್ಚು ಸ್ವಲ್ಪವೂ ಹೆಚ್ಚಿಲ್ಲ ಎಂದಲ್ಲ. ಮೋಟಾರ್ ಬೆಲೆ ಹೆಚ್ಚು. ಅದೇ ಪೈಪಿನಲ್ಲಿ ನೀರು ವೇಗವಾಗಿ ಹರಿದರೆ ಘರ್ಷಣೆಯ ನಷ್ಟವೂ ಹೆಚ್ಚು. ಸಂಪರ್ಕದ ಮಂಜೂರಾದ ಲೋಡ್ ಏರಿಸಬೇಕಾಗಿ ಬಂದರೆ ಬಿಲ್‌ನ ನಿಗದಿತ ಶುಲ್ಕ ಏರಬಹುದು. ಖರೀದಿಗೆ ಮುನ್ನ ಪಂಪ್ ಮೇಲಿನ ಫಲಕದಲ್ಲಿ ಎಚ್‌ಪಿ ಜೊತೆಗೆ 'ಹೆಡ್' ಎಂಬ ಅಂಕಿಯನ್ನೂ ನೋಡಿ. ಅದು ನೀರನ್ನು ಎಷ್ಟು ಮೀಟರ್ ಎತ್ತರಕ್ಕೆ ತಳ್ಳಬಲ್ಲದು ಎಂಬ ಲೆಕ್ಕ. ಹೆಡ್ 15 ಮೀಟರ್ ಇರುವ ಪಂಪ್ ಎಷ್ಟೇ ಎಚ್‌ಪಿಯದ್ದಾದರೂ 20 ಮೀಟರ್ ಮೇಲಿನ ಟ್ಯಾಂಕ್‌ಗೆ ಒಂದು ಹನಿಯನ್ನೂ ಮುಟ್ಟಿಸುವುದಿಲ್ಲ.