ಕೆಂಡ ಧುಮುಕುತ್ತಿದ್ದ ಕಣಿವೆ

ಕ್ಯಾಲಿಫೋರ್ನಿಯಾದ ಯೊಸೆಮಿಟಿ ಕಣಿವೆಯಲ್ಲಿ ಆಗಸ್ಟ್ ಕಳೆಯುವ ಹೊತ್ತಿಗೆ ದೊಡ್ಡ ಜಲಪಾತ ಬತ್ತಿರುತ್ತದೆ. ಹಿಮ ಕರಗಿದ ನೀರನ್ನೇ ನಂಬಿದ್ದು ಅದು. ಬೇಸಿಗೆಯ ಕೊನೆಗೆ ಬಂಡೆಯ ಮೇಲೆ ಕರೆಯಷ್ಟೇ ಉಳಿಯುತ್ತದೆ. ಆ ದಿನಗಳಲ್ಲೂ ಒಂದು ಕಾಲಕ್ಕೆ ಅಲ್ಲಿ ರಾತ್ರಿ ಒಂಬತ್ತಕ್ಕೆ ಸರಿಯಾಗಿ ಕೆಂಡದ ಜಲಪಾತವೊಂದು ಧುಮುಕುತ್ತಿತ್ತು.

ಇದನ್ನು ಶುರುಮಾಡಿದವನು ಗ್ಲೇಸಿಯರ್ ಪಾಯಿಂಟ್ ಎಂಬ ಬೆಟ್ಟದ ತುದಿಯಲ್ಲಿ ಹೋಟೆಲು ನಡೆಸುತ್ತಿದ್ದ ಜೇಮ್ಸ್ ಮೆಕಾಲಿ. 1870ರ ದಶಕದಲ್ಲಿ ಅವನು ರಾತ್ರಿ ಉರಿದುಳಿದ ಕೆಂಡವನ್ನು ಪ್ರಪಾತಕ್ಕೆ ನೂಕುತ್ತಿದ್ದ. ಅವನು ಹೋಟೆಲು ಬಿಟ್ಟ ಮೇಲೆ ಅದು ನಿಂತಿತು.

ಮತ್ತೆ ಹೊತ್ತಿಸಿದವರು ಡೇವಿಡ್ ಮತ್ತು ಜೆನ್ನಿ ಕರ್ರಿ. ಇಬ್ಬರೂ ಮೇಷ್ಟ್ರು. 1899ರಲ್ಲಿ ಕೆಳಗೆ ಕಣಿವೆಯಲ್ಲಿ ಏಳು ಡೇರೆ ಹಾಕಿ, ಊಟ ಹಾಸಿಗೆ ಸೇರಿ ದಿನಕ್ಕೆ 2 ಡಾಲರ್ ಎಂದರು. ತಮ್ಮಂಥ ಸಂಬಳದವರೂ ಬಂದು ನಾಲ್ಕು ದಿನ ಇರಬಹುದಾದ ದರ ಅದು. ಬಂದ ಅತಿಥಿಗಳೇ ಹಳೆಯ ಬೆಂಕಿಯ ಕಥೆ ಹೇಳಿದರು. ಡೇವಿಡ್‌ನದು ಗುಡುಗಿನ ಗಂಟಲು. ಮೂರು ಸಾವಿರ ಅಡಿಗೂ ಮೇಲಿದ್ದವರಿಗೆ ಕೆಳಗಿನಿಂದಲೇ ಕೂಗುತ್ತಿದ್ದ: ಬೆಂಕಿ ಬೀಳಲಿ! ಮೇಲಿದ್ದವರು ಕೆಂಪು ಫರ್ ಮರದ ತೊಗಟೆ ಸುಟ್ಟು ಮಾಡಿಟ್ಟ ಕೆಂಡವನ್ನು ಉದ್ದ ಹಿಡಿಯ ಸಲಕರಣೆಯಿಂದ ಮೆಲ್ಲಗೆ, ಧಾರೆ ಕಡಿಯದಂತೆ ಅಂಚಿನಾಚೆ ತಳ್ಳುತ್ತಿದ್ದರು. ಆತುರಪಟ್ಟರೆ ಅದು ಕಿಡಿಗಳ ರಾಶಿಯಾಗಿ ಉದುರುತ್ತಿತ್ತು. ಹದವಾಗಿ ನೂಕಿದರೆ ನೀರಿನಂತೆಯೇ ಇಳಿಯುತ್ತಿತ್ತು.

ಶಿಬಿರದ ಗುತ್ತಿಗೆಯ ವಿಚಾರಕ್ಕೆ ಡೇವಿಡ್‌ಗೂ ಸರ್ಕಾರಕ್ಕೂ ಜಟಾಪಟಿಯಾಗಿ, 1913ರಲ್ಲಿ ಸರ್ಕಾರ ಬೆಂಕಿಯನ್ನೇ ನಿಲ್ಲಿಸಿತು. ಮನುಷ್ಯ ಸುಮ್ಮನಾಗಲಿಲ್ಲ. ಹಿಂದೆ ಬೆಂಕಿ ಬೀಳುತ್ತಿದ್ದ ಜಾಗಕ್ಕೆ ಸ್ವಾಗತ ಎಂದು ಪ್ರತಿ ಸಂಜೆ ಅತಿಥಿಗಳೆದುರು ಸಾರಿದ. 1917ರಲ್ಲಿ ಅನುಮತಿ ಮರಳಿತು. ಅದೇ ವರ್ಷ ಅವನು ತೀರಿಕೊಂಡ. ಶಿಬಿರವನ್ನು ಮುಂದೆ ಜೆನ್ನಿ ನಡೆಸಿದಳು. ಎಲ್ಲರೂ ಅವಳನ್ನು ತಾಯಿ ಕರ್ರಿ ಎಂದೇ ಕರೆದರು. ಈ ಕಥೆಯಲ್ಲಿ ಅವಳಿಗೆ ಸಲ್ಲಬೇಕಾದಷ್ಟು ಜಾಗ ಯಾರೂ ಕೊಟ್ಟಿಲ್ಲ.

1968ರ ಜನವರಿಯಲ್ಲಿ ರಾಷ್ಟ್ರೀಯ ಉದ್ಯಾನ ಇಲಾಖೆ ಈ ಕೆಂಡದ ಜಲಪಾತವನ್ನು ಕೊನೆಗಾಣಿಸಿತು. ನೋಡಲು ಬಂದವರ ಕಾರುಗಳು ದಾರಿ ಕಟ್ಟುತ್ತಿದ್ದವು, ಹುಲ್ಲುಗಾವಲು ಕಾಲ್ತುಳಿತಕ್ಕೆ ಸಿಕ್ಕಿತ್ತು. ನಿಲ್ಲಿಸಿದ್ದು ಸರಿಯೇ ಎನ್ನುತ್ತೇನೆ. ಆದರೆ ಜನ ಕಡಿಮೆಯಾಗಲಿಲ್ಲ. ಫೆಬ್ರುವರಿಯ ಮುಸ್ಸಂಜೆ ಬೆಳಕಿಗೆ ಅಲ್ಲಿನ ಹಾರ್ಸ್‌ಟೇಲ್ ಜಲಪಾತ ಕೆಂಡದಂತೆ ಹೊಳೆಯುವುದನ್ನು ನೋಡಲು ಬರುವವರು ಈಗ ನದಿಯ ದಡ ತುಳಿಯುತ್ತಾರೆ.

ನನಗೆ ಬೆಂಕಿಗಿಂತ ಆ 2 ಡಾಲರಿನ ಡೇರೆ ಹೋದದ್ದೇ ಸಂಕಟ. ಬೇಸಿಗೆಯಲ್ಲಿ ಕಣಿವೆಯ ಡೇರೆ ಜಾಗಗಳು ತಿಂಗಳುಗಳ ಮೊದಲೇ ಆನ್‌ಲೈನ್‌ನಲ್ಲಿ ನಿಮಿಷಗಳೊಳಗೆ ಭರ್ತಿ. ರಜೆ ಯಾವಾಗ ಸಿಗುತ್ತದೋ ಗೊತ್ತಿಲ್ಲದ ದುಡಿಯುವವರು, ಕರ್ರಿ ದಂಪತಿ ಯಾರಿಗಾಗಿ ಡೇರೆ ಹಾಕಿದರೋ ಅವರೇ, ಹೊರಗುಳಿಯುತ್ತಾರೆ.