ಹಾಡಿದ್ದು ಡಿಸ್ಕೋ, ಕಟ್ಟಿದ್ದು ಚರ್ಚ್

ಏಡ್ಸ್ ಎಂದರೆ ಪಾದ್ರಿಗಳೂ ದೂರ ಸರಿಯುತ್ತಿದ್ದ ಕಾಲದಲ್ಲಿ ಕಾರ್ಲ್ ಬೀನ್ ರೋಗಿಗಳ ಪಕ್ಕ ಕೂತರು. ತಾನು ಗೇ ಎಂಬುದನ್ನು ಬಚ್ಚಿಡದ ಈ ಕಪ್ಪು ಪಾದ್ರಿಗೆ ಬೋಧನೆ ಬೇರೆ, ಆರೈಕೆ ಬೇರೆ ಆಗಿರಲಿಲ್ಲ.

1977ರಲ್ಲಿ ಅಮೆರಿಕದ ಮೋಟೌನ್ ಕಂಪನಿ ಒಂದು ಡಿಸ್ಕೋ ಹಾಡನ್ನು ಹೊರತಂದಿತು: ‘ಐ ವಾಸ್ ಬಾರ್ನ್ ದಿಸ್ ವೇ’. ನಾನು ಗೇ, ಹುಟ್ಟಿದ್ದೇ ಹೀಗೆ ಎಂದು ಅಳುಕಿಲ್ಲದೆ ಸಾರುವ ಹಾಡು. ಬರೆದವರು ನ್ಯೂಯಾರ್ಕ್‌ನ ಹಾರ್ಲೆಮ್‌ನಲ್ಲಿ ಬ್ಯೂಟಿ ಪಾರ್ಲರ್ ನಡೆಸುತ್ತಿದ್ದ ಬನ್ನಿ ಜೋನ್ಸ್. ತಮ್ಮಲ್ಲಿ ಕೆಲಸಕ್ಕಿದ್ದ ಗೇ ಹುಡುಗರ ಪಾಡು ನೋಡಿ ಹುಟ್ಟಿದ ಸಾಲುಗಳವು. ಅದಕ್ಕೂ ಎರಡು ವರ್ಷ ಹಿಂದೆ ವ್ಯಾಲೆಂಟಿನೊ ಎಂಬ ಗಾಯಕ ಅದನ್ನು ಮೊದಲು ಹಾಡಿದ್ದರು. ಮತ್ತೆ ಹಾಡಿಸಲು ಮೋಟೌನ್ ಕರೆದದ್ದು ಗಾಸ್ಪೆಲ್ ಗಾಯಕ ಕಾರ್ಲ್ ಬೀನ್ ಅವರನ್ನು. ತಾಳ ಕ್ಲಬ್ಬಿನದು, ಕಂಠ ಚರ್ಚಿನದು. ಸಭೆಯ ನಡುವೆ ಎದ್ದು ನಿಂತು ಸಾಕ್ಷಿ ಹೇಳುವ ಭಕ್ತನ ದನಿಯಲ್ಲೇ ಬೀನ್ ಅದನ್ನು ಹಾಡಿದರು. ಅದು ಅವರದೇ ಕತೆಯೂ ಆಗಿತ್ತು.

ಕ್ಲಬ್ಬುಗಳಲ್ಲಿ ಹಾಡು ಗೆದ್ದಿತು. ಅದರ ಬೆನ್ನಿಗೇ ಇನ್ನಷ್ಟು ಹಾಡಿ ಹೆಸರು, ಹಣ ಎರಡನ್ನೂ ಮಾಡಬಹುದಿತ್ತು. ಬೀನ್ ಹಿಡಿದದ್ದು ಬೇರೆ ದಾರಿ.

ಎಲ್ಲರಿಗೂ ಗೊತ್ತಿದ್ದ ಗುಟ್ಟು

ಬೀನ್ ಹುಟ್ಟಿದ್ದು 1944ರಲ್ಲಿ, ಬಾಲ್ಟಿಮೋರ್ ನಗರದಲ್ಲಿ. ಬೆಳೆದದ್ದು ಚರ್ಚಿನ ಹಾಡುಗಳ ನಡುವೆ. ತಾನು ಗೇ ಎಂಬುದು ಮನೆಯವರಿಗೆ ತಿಳಿದ ಮೇಲೆ, ಹದಿಹರೆಯದಲ್ಲೇ ಜೀವ ಕಳೆದುಕೊಳ್ಳಲು ಹೋಗಿ ಆಸ್ಪತ್ರೆ ಸೇರಿದರು. ಅಲ್ಲಿನ ವೈದ್ಯೆಯೊಬ್ಬರು, ನಿನ್ನನ್ನು ಬದಲಿಸುವುದು ನನ್ನಿಂದಾಗದು, ನಿನ್ನನ್ನು ನೀನು ಒಪ್ಪಿಕೊಳ್ಳಲು ನೆರವಾಗಬಲ್ಲೆ ಎಂದರು. ಮುಂದೆ ಬೀನ್ ನೂರಾರು ಜನರಿಗೆ ಹೇಳಿದ್ದೂ ಹೆಚ್ಚು ಕಡಿಮೆ ಇದನ್ನೇ.

ಅಲ್ಲಿಂದ ನ್ಯೂಯಾರ್ಕ್‌ಗೆ ಹೋಗಿ ಹಾರ್ಲೆಮ್‌ನ ಗಾಸ್ಪೆಲ್ ತಂಡಗಳಲ್ಲಿ ಪಳಗಿದರು. 1970ರ ದಶಕದಲ್ಲಿ ಲಾಸ್ ಏಂಜಲೀಸ್ ಸೇರಿದರು. ಕಪ್ಪು ಜನರ ಚರ್ಚುಗಳ ಒಳಸುಳಿ ಅವರಿಗೆ ಚೆನ್ನಾಗಿ ಗೊತ್ತಿತ್ತು. ಗಾಯಕವೃಂದದಲ್ಲಿ, ಆರ್ಗನ್ ಮುಂದೆ, ಹಾಡು ಕಲಿಸುವ ಜಾಗದಲ್ಲಿ ಗೇ ಗಂಡಸರು ಇರುತ್ತಿದ್ದುದು ಊರಿಗೆಲ್ಲ ತಿಳಿದ ಗುಟ್ಟು. ಅದೇ ಆರಾಧನೆಯಲ್ಲಿ ಪಾದ್ರಿ ಎದ್ದು ಸಲಿಂಗ ಪ್ರೇಮ ನರಕಕ್ಕೆ ದಾರಿ ಎಂದು ಗುಡುಗಿದರೂ ಅವರು ಹಾಡು ಮುಂದುವರಿಸಬೇಕಿತ್ತು. ದನಿ ಬೇಕು, ದನಿಯ ಒಡೆಯ ಬೇಡ.

ಲೆಕ್ಕಕ್ಕೆ ಸಿಗದವರು

1981ರ ಜೂನ್ 5ರಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ತನ್ನ ವಾರಪತ್ರಿಕೆಯಲ್ಲಿ ಒಂದು ಪುಟ್ಟ ವರದಿ ಪ್ರಕಟಿಸಿತು. ಲಾಸ್ ಏಂಜಲೀಸ್‌ನ ಐವರು ಗೇ ಯುವಕರಿಗೆ ಅಪರೂಪದ ನ್ಯುಮೋನಿಯಾ ಬಂದಿತ್ತು. ಮುಂದೆ ಏಡ್ಸ್ ಎಂದು ಹೆಸರಾದ ಕಾಯಿಲೆಯ ಮೊದಲ ಅಧಿಕೃತ ದಾಖಲೆ ಇದು. ಐವರೂ ಬಿಳಿಯರು. ಅದೇ ನಗರದ ಕಪ್ಪು ಗೇ ಯುವಕನೊಬ್ಬನಿಗೂ ಅದೇ ಕಾಯಿಲೆ ತಗುಲಿತ್ತು. ಅವನ ವಿವರ ಆ ವರದಿಯಲ್ಲಿ ಬರಲಿಲ್ಲ. ಹೀಗೆ ಏಡ್ಸ್ ಎಂದರೆ ಬಿಳಿಯ ಗೇಗಳ ರೋಗ ಎಂಬ ಮಾತು ಬೇರೂರಿತು. ಸಹಾಯವಾಣಿ, ಕರಪತ್ರ, ದೇಣಿಗೆ ಎಲ್ಲವೂ ಹೆಚ್ಚಾಗಿ ಅತ್ತಲೇ ಹರಿದವು. ನಗರದ ದಕ್ಷಿಣದ ಬಡಾವಣೆಗಳಲ್ಲಿ ಕಪ್ಪು ಮತ್ತು ಲ್ಯಾಟಿನೊ ಜನ ಸಾಯುತ್ತಿದ್ದರೂ ಅದು ತಮ್ಮ ರೋಗವೂ ಹೌದು ಎಂದು ಅವರಿಗೆ ತಿಳಿಹೇಳುವವರು ವಿರಳ.

ಮೌನವೇ ರೂಢಿಯಾಗಿತ್ತು. ಆಸ್ಪತ್ರೆಗಳಲ್ಲಿ ಊಟದ ತಟ್ಟೆಯನ್ನು ಒಳಗೆ ಒಯ್ಯಲು ಹೆದರಿ ಬಾಗಿಲ ಹೊರಗೇ ಇಟ್ಟು ಹೋಗುತ್ತಿದ್ದರು. ಎದ್ದು ಬಂದು ತೆಗೆದುಕೊಳ್ಳುವ ತ್ರಾಣ ರೋಗಿಗೆ ಇರುತ್ತಿರಲಿಲ್ಲ. ಸತ್ತರೆ ಶವಸಂಸ್ಕಾರ ನಡೆಸಲು ಒಲ್ಲೆನೆಂದ ಪಾದ್ರಿಗಳಿದ್ದರು. ಮಗ ಕ್ಯಾನ್ಸರಿನಿಂದ ಹೋದ ಎಂದೇ ಊರಿಗೆ ಹೇಳಿದ ಮನೆಗಳೂ ಇದ್ದವು.

ಒಂದೇ ರಸ್ತೆಯಲ್ಲಿ ಎರಡು ಕೆಲಸ

1982ರಲ್ಲಿ ಬೀನ್ ಗುರುದೀಕ್ಷೆ ಪಡೆದು, ಸಣ್ಣ ಬೈಬಲ್ ಅಧ್ಯಯನ ಕೂಟವೊಂದನ್ನು ಶುರು ಮಾಡಿದರು. ಅದೇ ಯೂನಿಟಿ ಫೆಲೋಶಿಪ್ ಚರ್ಚ್ ಆಗಿ ಬೆಳೆಯಿತು. ಕಪ್ಪು ಸಲಿಂಗಿಗಳನ್ನು ಮುಂದಿಟ್ಟುಕೊಂಡು ಕಟ್ಟಿದ ಚರ್ಚ್ ಅದು. ಪ್ರೀತಿ ಎಲ್ಲರಿಗೂ ಸೇರಿದ್ದು ಎಂಬುದು ಅದರ ಧ್ಯೇಯವಾಕ್ಯ. ಚರ್ಚ್ ನಿಮ್ಮನ್ನು ದೂಡಿದರೆ ದೇವರನ್ನೂ ಬಿಟ್ಟುಬಿಡಿ ಎಂದು ಬೀನ್ ಹೇಳಲಿಲ್ಲ. ಅದೇ ಬೈಬಲ್, ಅದೇ ಗಾಸ್ಪೆಲ್ ಹಾಡು, ಅದೇ ಚಪ್ಪಾಳೆ ಇಟ್ಟುಕೊಂಡು ಶಾಪವನ್ನಷ್ಟೇ ತೆಗೆದುಹಾಕಿದರು.

1985ರಲ್ಲಿ ಮೈನಾರಿಟಿ ಏಡ್ಸ್ ಪ್ರಾಜೆಕ್ಟ್ ಆರಂಭಿಸಿದರು. ಕಪ್ಪು ಮತ್ತು ಲ್ಯಾಟಿನೊ ಜನರಿಗಾಗಿ ಆ ಸಮುದಾಯದವರೇ ನಡೆಸಿದ, ದೇಶದ ಮೊದಮೊದಲ ಏಡ್ಸ್ ಸಂಸ್ಥೆಗಳಲ್ಲಿ ಇದೊಂದು. ಆಗಿನ್ನೂ ಔಷಧಿಯೇ ಇರಲಿಲ್ಲ. ಮೊದಲ ಔಷಧಿ ಎಜೆಡ್‌ಟಿಗೆ ಅನುಮತಿ ಸಿಕ್ಕಿದ್ದು 1987ರಲ್ಲಿ. ಹಾಗಾಗಿ ಆರೈಕೆ ಎಂದರೆ ಮಾಹಿತಿ ಹಂಚುವುದು, ಊಟ–ವಸತಿಗೆ ದಾರಿ ಮಾಡುವುದು, ಕೊನೆಗಾಲದಲ್ಲಿ ಜೊತೆಗಿರುವುದು. ಚರ್ಚ್ ಮತ್ತು ಪ್ರಾಜೆಕ್ಟ್ ಎರಡೂ ವೆಸ್ಟ್ ಜೆಫರ್ಸನ್ ರಸ್ತೆಯಲ್ಲೇ ನೆಲೆ ಕಂಡವು.

ಈ ನೆರೆಹೊರೆಯಲ್ಲೇ ಬೀನ್ ಅವರ ದೊಡ್ಡ ಒಳನೋಟವಿದೆ. ಎಚ್‌ಐವಿ ಪರೀಕ್ಷೆಗೆ ಹೋಗಬೇಕಾದವನು ಮೊದಲು ತನಗೆ ಅಪಾಯವಿದೆ ಎಂದು ಒಪ್ಪಬೇಕು. ಹಾಗೆ ಒಪ್ಪುವುದೇ ಪಾಪವನ್ನು ಒಪ್ಪಿಕೊಂಡಂತೆ ಎಂದು ಚರ್ಚ್ ಕಲಿಸಿದ್ದರೆ ಅವನು ಕ್ಲಿನಿಕ್ಕಿನ ಮೆಟ್ಟಿಲು ಹತ್ತುವುದಿಲ್ಲ. ಅಂದರೆ ಕೆಟ್ಟ ಬೋಧನೆ ರೋಗ ಹರಡಲು ನೆರವಾಗುತ್ತದೆ, ಒಳ್ಳೆಯ ಬೋಧನೆ ತಡೆಯಲು ನೆರವಾಗುತ್ತದೆ. ಆರೋಗ್ಯ ಇಲಾಖೆಯ ಭಿತ್ತಿಪತ್ರ ಮಾಡಲಾಗದ ಕೆಲಸವನ್ನು ಭಾನುವಾರದ ಪ್ರಸಂಗ ಮಾಡಬಲ್ಲದು.

ಉಳಿದವರು ನಿಧಾನಕ್ಕೆ ಎಚ್ಚೆತ್ತರು. 1989ರಲ್ಲಿ ಹಾರ್ಲೆಮ್‌ನಲ್ಲಿ ಪರ್ನೆಸ್ಸಾ ಸೀಲ್ ಎಂಬ ವಿಜ್ಞಾನಿ, ಏಡ್ಸ್ ರೋಗಿಗಳಿಗಾಗಿ ಪ್ರಾರ್ಥನಾ ಸಪ್ತಾಹ ನಡೆಸಲು ಅಲ್ಲಿನ ಧಾರ್ಮಿಕ ಮುಖಂಡರನ್ನು ಒಟ್ಟು ಸೇರಿಸಿದರು. ಬ್ಯಾಸ್ಕೆಟ್‌ಬಾಲ್ ತಾರೆ ಮ್ಯಾಜಿಕ್ ಜಾನ್ಸನ್ ತನಗೆ ಎಚ್‌ಐವಿ ಇದೆ ಎಂದು ಹೇಳಿ ಜಗತ್ತನ್ನೇ ಬೆಚ್ಚಿಬೀಳಿಸಿದ್ದು 1991ರಲ್ಲಿ, ಅದೂ ಲಾಸ್ ಏಂಜಲೀಸ್ ಸೀಮೆಯಲ್ಲೇ. ಅಷ್ಟರಲ್ಲಿ ಬೀನ್ ಅವರ ಪ್ರಾಜೆಕ್ಟ್‌ಗೆ ಆರು ವರ್ಷ. ಅವರ ಚರ್ಚ್ ಬೇರೆ ನಗರಗಳಿಗೂ ಹಬ್ಬಿತು, ಅವರು ಆರ್ಚ್‌ಬಿಷಪ್ ಆದರು. ಲಾಸ್ ಏಂಜಲೀಸ್‌ನಲ್ಲಿ ಏಡ್ಸ್ ರೋಗಿಗಳ ಕೊನೆಗಾಲದ ಆರೈಕೆಗೆಂದು ತೆರೆದ ಮನೆಯೊಂದಕ್ಕೆ ಅವರ ಹೆಸರನ್ನೇ ಇಡಲಾಯಿತು.

ಹಾಡಿನ ಮರುಹುಟ್ಟು, ಉಳಿದ ಕೆಲಸ

2011ರಲ್ಲಿ ಪಾಪ್ ಗಾಯಕಿ ಲೇಡಿ ಗಾಗಾ ಅವರ ‘ಬಾರ್ನ್ ದಿಸ್ ವೇ’ ಜಗತ್ತಿನ ಕಿವಿ ತುಂಬಿತು. ಹತ್ತು ವರ್ಷದ ನಂತರ ಆಕೆ ಬಹಿರಂಗವಾಗಿಯೇ, ತನ್ನ ಹಾಡಿಗೂ ಆಲ್ಬಮ್‌ಗೂ ಸ್ಫೂರ್ತಿ ಕಾರ್ಲ್ ಬೀನ್ ಎಂದು ಋಣ ಸ್ಮರಿಸಿದರು. ಅದೇ ವರ್ಷದ ಸೆಪ್ಟೆಂಬರ್ 7ರಂದು, 77ನೇ ವಯಸ್ಸಿನಲ್ಲಿ, ಬೀನ್ ತೀರಿಕೊಂಡರು.

ಈಗ ಎಚ್‌ಐವಿ ಮರಣಶಾಸನವಲ್ಲ. 1996ರ ಸುಮಾರಿಗೆ ಬಂದ ಸಂಯುಕ್ತ ಔಷಧಿಗಳಿಂದ ಸೋಂಕಿತರು ದೀರ್ಘಕಾಲ ಬದುಕುತ್ತಾರೆ. ಸೋಂಕು ತಗಲದಂತೆ ಮೊದಲೇ ನುಂಗುವ ಪ್ರೆಪ್ ಮಾತ್ರೆಗೆ 2012ರಲ್ಲೇ ಅಮೆರಿಕದಲ್ಲಿ ಅನುಮತಿ ಸಿಕ್ಕಿದೆ. ಆದರೂ 2016ರಲ್ಲಿ ಸಿಡಿಸಿ ಮಾಡಿದ ಅಂದಾಜು ದಂಗುಬಡಿಸುವಂಥದ್ದು: ಪರಿಸ್ಥಿತಿ ಹಾಗೆಯೇ ಮುಂದುವರಿದರೆ ಕಪ್ಪು ಗೇ ಮತ್ತು ದ್ವಿಲಿಂಗಿ ಗಂಡಸರಲ್ಲಿ ಇಬ್ಬರಿಗೊಬ್ಬರು ಜೀವಿತಾವಧಿಯಲ್ಲಿ ಎಚ್‌ಐವಿ ಪೀಡಿತರಾಗುತ್ತಾರೆ. ಬಡತನ, ವಿಮೆಯಿಲ್ಲದ ಬದುಕು, ವೈದ್ಯರ ಮೇಲಿನ ಅಪನಂಬಿಕೆ, ಎಲ್ಲವೂ ಇದರ ಹಿಂದಿವೆ. ನಾಚಿಕೆಯೂ ಇದೆ, ಮತ್ತು ಅದಕ್ಕೆ ಯಾವ ಕಂಪನಿಯೂ ಮಾತ್ರೆ ತಯಾರಿಸಿಲ್ಲ. ವಿಜ್ಞಾನ ತನ್ನ ಪಾಲಿನ ಕೆಲಸವನ್ನು ಬಹುಮಟ್ಟಿಗೆ ಮಾಡಿದೆ. ಬೀನ್ ನಲವತ್ತು ವರ್ಷ ಹಿಂದೆ ಕೈಹಾಕಿದ ಕೆಲಸ ಚರ್ಚುಗಳ ಪಾಲಿನದು. ಬಾಕಿ ಇರುವುದು ಅಲ್ಲೇ.