ಬಂಡೆ ಕಲಿಸುವ ಬೋನ್ಸಾಯ್

ದೊಡ್ಡಬಳ್ಳಾಪುರ ತಾಲ್ಲೂಕಿನ ಸಾಸಲು ಹೋಬಳಿ ರಾಗಿ ಹೊಲ, ಕೆಮ್ಮಣ್ಣು ಮತ್ತು ಕಲ್ಲುಗುಡ್ಡಗಳ ಸೀಮೆ. ವರ್ಷವಿಡೀ ಹರಿಯುವ ಹೊಳೆ ಇಲ್ಲಿಲ್ಲ. ಮಳೆ ಹಿಡಿದರೆ ಕೆರೆ, ಕೈಕೊಟ್ಟರೆ ಕೊಳವೆಬಾವಿ. ಇಂಥ ಬಯಲುಸೀಮೆಯ ಬಂಡೆಸೀಳುಗಳಲ್ಲಿ ಅರಳಿಯೋ ಆಲವೋ ಬಸರಿಯೋ ಬೇರುಬಿಟ್ಟು, ಎಷ್ಟೋ ವರ್ಷ ಕಳೆದರೂ ಆಳೆತ್ತರ ಮೀರದೆ ನಿಂತಿರುವುದನ್ನು ಈ ಕಡೆಯವರು ನೋಡಿಯೇ ಇರುತ್ತಾರೆ. ಕಾಂಡ ದಪ್ಪ, ತೊಗಟೆ ಒರಟು, ಎಲೆ ಮಾತ್ರ ಚಿಕ್ಕದು. ಬೇರುಗಳು ಕಲ್ಲನ್ನು ಬಿಗಿದಪ್ಪಿರುತ್ತವೆ. ಅದೇ ಹಣ್ಣಿನ ಇನ್ನೊಂದು ಬೀಜ ಕೆರೆ ಏರಿಯ ಮೇಲೆ ಬಿದ್ದಿದ್ದರೆ ಊರಿಗೇ ನೆರಳಾಗುವಷ್ಟು ಬೆಳೆಯುತ್ತಿತ್ತು.

ಮರವನ್ನು ಕುಂಡದಲ್ಲೇ ಪುಟ್ಟದಾಗಿ ಬೆಳೆಸುವ ಬೋನ್ಸಾಯ್ ಕಲೆಯ ಮೂಲಪಾಠ ಇಲ್ಲೇ ಇದೆ. ಕುಬ್ಜತೆ ಬೀಜದಲ್ಲಿಲ್ಲ, ನೆಲೆಯಲ್ಲಿದೆ. ಕುಂಡದ ಆಲ ತಳಿಯಿಂದ ಕುಳ್ಳನೆಯದಲ್ಲ. ಅದರೊಳಗಿನ ವಂಶವಾಹಿಗಳೆಲ್ಲ ದೊಡ್ಡ ಆಲದವೇ. ಹಾಗಾಗಿ ಬೋನ್ಸಾಯ್ ಬೆಳೆಸುವವರು ಮೊದಲು ಗಮನಿಸಬೇಕಾದದ್ದು ಜಪಾನಿನ ಚಿತ್ರಪುಸ್ತಕವನ್ನಲ್ಲ, ತಮ್ಮೂರಿನ ಬಂಡೆಯನ್ನು. ಸ್ಥಳೀಯ ಗಿಡ, ಸ್ಥಳೀಯ ಮಣ್ಣು, ಮಳೆಯ ನೀರು, ಜೊತೆಗೆ ಗಿಡ ಬದುಕಿರುವವರೆಗೂ ಹೊರಬೇಕಾದ ಹೊಣೆ: ಇವಿಷ್ಟನ್ನು ಒಪ್ಪಿಕೊಂಡರೆ ಬೋನ್ಸಾಯ್ ಪ್ರಕೃತಿಗೆ ಎದುರಾಗಿ ನಡೆಯುವ ಕೆಲಸವಾಗುವುದಿಲ್ಲ.

ಬೇರಿಗೆ ಜಾಗ ಸಾಲದಾಗ

ಬಂಡೆಸೀಳಿನಲ್ಲಿರುವುದು ಹಿಡಿಯಷ್ಟು ಮಣ್ಣು. ಮಳೆ ನಿಂತು ಕೆಲವೇ ದಿನಗಳಲ್ಲಿ ಅದು ಒಣಗುತ್ತದೆ. ಬೇರು ಒಣಗತೊಡಗಿದಾಗ ಎಲೆಗಳಲ್ಲಿ ಅಬ್ಸಿಸಿಕ್ ಆಮ್ಲವೆಂಬ ಹಾರ್ಮೋನು ಹೆಚ್ಚುತ್ತದೆ. ಎಲೆಗಳ ಪತ್ರರಂಧ್ರಗಳು ಮುಚ್ಚಿಕೊಂಡು ನೀರು ಉಳಿಯುತ್ತದೆ. ಆದರೆ ಅದೇ ರಂಧ್ರದ ಮೂಲಕ ಬರಬೇಕಿದ್ದ ಇಂಗಾಲದ ಡೈಆಕ್ಸೈಡ್ ಕೂಡ ಕಡಿಮೆಯಾಗುತ್ತದೆ. ಎಳೆ ಎಲೆಯ ಜೀವಕೋಶಗಳು ಹಿಗ್ಗಲು ಒಳಗಿನಿಂದ ನೀರಿನ ಒತ್ತಡ ಬೇಕು. ಆ ಒತ್ತಡ ಸಾಲದಿದ್ದರೆ ಎಲೆ ಚಿಕ್ಕದಾಗಿಯೇ ಬಲಿಯುತ್ತದೆ.

ಕುಂಡದಲ್ಲಿ ಆಗುವುದೂ ಹೆಚ್ಚುಕಡಿಮೆ ಇದೇ. ಜರ್ಮನಿಯಲ್ಲಿ ಕೆಲಸ ಮಾಡುತ್ತಿದ್ದ ಸಸ್ಯವಿಜ್ಞಾನಿ ಹೆಂಡ್ರಿಕ್ ಪೂರ್ಟರ್ ಮತ್ತು ಸಂಗಡಿಗರು 65 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ 2012ರಲ್ಲಿ ಒಂದು ಲೆಕ್ಕ ಕೊಟ್ಟರು: ಕುಂಡದ ಗಾತ್ರ ಇಮ್ಮಡಿಯಾದರೆ ಗಿಡದ ಒಟ್ಟು ತೂಕ ಸರಾಸರಿ ಶೇ 43ರಷ್ಟು ಹೆಚ್ಚುತ್ತದೆ. ಸಣ್ಣ ಕುಂಡದಲ್ಲಿ ಎಲೆಯ ಪ್ರತಿ ಅಂಗುಲವೂ ಕಡಿಮೆ ಆಹಾರ ತಯಾರಿಸುತ್ತದೆ ಎಂಬುದೇ ಇದಕ್ಕೆ ಮುಖ್ಯ ಕಾರಣವೆಂದು ಅವರು ಕಂಡರು. ಗಿಡವನ್ನು ಚಿಕ್ಕದಾಗಿಡಲು ಹಸಿವಿನಲ್ಲಿ ಕೆಡವಬೇಕಿಲ್ಲ, ಬೇರಿನ ಜಾಗಕ್ಕೆ ಮಿತಿ ಹಾಕಿದರೆ ಸಾಕು. ಗೊಬ್ಬರ, ನೀರು ಕೊಡದೆ ಸೊರಗಿಸಿದ ಗಿಡ ರೋಗಿಯಾಗುತ್ತದೆಯೇ ಹೊರತು ಬೋನ್ಸಾಯ್ ಆಗುವುದಿಲ್ಲ.

ಬಂಡೆಯ ಮೇಲೆ ಗಾಳಿಯೂ ಕೆಲಸ ಮಾಡುತ್ತದೆ. ಅಲುಗಾಟಕ್ಕೆ, ಸ್ಪರ್ಶಕ್ಕೆ ಸಿಕ್ಕ ಕಾಂಡ ಉದ್ದಕ್ಕೆ ಬೆಳೆಯುವುದನ್ನು ಕಡಿಮೆ ಮಾಡಿ ದಪ್ಪವಾಗುತ್ತದೆ ಎಂಬುದನ್ನು ಅಮೆರಿಕದ ಸಸ್ಯವಿಜ್ಞಾನಿ ಮಾರ್ಕ್ ಜಾಫೆ 1973ರಲ್ಲಿ ವಿವರಿಸಿದರು. ಮನೆಯೊಳಗೆ ಮೇಜಿನ ಮೇಲೆ ಕೂತ ಆಲದ ಕಾಂಡ ಪೀಚಲಾಗಿ, ತಾರಸಿಯ ಗಾಳಿಯಲ್ಲಿ ಬೆಳೆದದ್ದು ಗಟ್ಟಿಯಾಗಿರಲು ಇದೂ ಒಂದು ಕಾರಣ. ಬೋನ್ಸಾಯ್ ಇರಬೇಕಾದ ಜಾಗ ಬಿಸಿಲು ಗಾಳಿ ಇರುವ ಹೊರಾಂಗಣ.

ಕತ್ತರಿಯ ಹಿಂದಿನ ವಿಜ್ಞಾನ

ಬಯಲಿನ ಗಿಡದ ಚಿಗುರನ್ನು ಆಡು, ಕುರಿ ಮೇಯುತ್ತವೆ. ತುದಿ ಹೋದ ಕೊಂಬೆ ಪಕ್ಕಕ್ಕೆ ಕವಲೊಡೆದು ಪೊದೆಯಾಗುತ್ತದೆ. ಕೊಂಬೆಯ ತುದಿಯಲ್ಲಿ ತಯಾರಾಗುವ ಆಕ್ಸಿನ್ ಕೆಳಗಿನ ಮೊಗ್ಗುಗಳನ್ನು ತಡೆಹಿಡಿದಿರುತ್ತದೆ ಎಂದು ತಿಳಿದದ್ದು 1930ರ ದಶಕದಲ್ಲಿ, ಕೆನೆತ್ ಥೀಮನ್ ಮತ್ತು ಫೋಕ್ ಸ್ಕೂಗ್ ಅವರ ಪ್ರಯೋಗಗಳಿಂದ. 2014ರಲ್ಲಿ ಬಟಾಣಿ ಗಿಡದ ಮೇಲೆ ನಡೆದ ಅಧ್ಯಯನ ಇನ್ನೊಂದು ಸಂಗತಿ ಸೇರಿಸಿತು: ತುದಿ ಕತ್ತರಿಸಿದೊಡನೆ ಅಲ್ಲಿಗೆ ಹೋಗುತ್ತಿದ್ದ ಸಕ್ಕರೆ ಪಕ್ಕದ ಮೊಗ್ಗುಗಳಿಗೆ ತಿರುಗುತ್ತದೆ, ಅವು ಮೊದಲು ಎಚ್ಚೆತ್ತುಕೊಳ್ಳುವುದು ಆ ಸಕ್ಕರೆಯ ಬಲದಿಂದ.

ಆಡಿನ ಹಲ್ಲು ಮಾಡುವುದನ್ನೇ ಬೋನ್ಸಾಯ್ ಕತ್ತರಿ ಯೋಚಿಸಿ ಮಾಡುತ್ತದೆ. ಎಲೆ ಉಳಿಸಿ ಕತ್ತರಿಸಿದರೆ ಗಿಡಕ್ಕೆ ಚೇತರಿಸಿಕೊಳ್ಳುವ ಶಕ್ತಿ ಇರುತ್ತದೆ. ಬೇರು ಕತ್ತರಿಸುವಾಗಲೂ ಅದೇ ಲೆಕ್ಕ: ದಪ್ಪ ಬೇರನ್ನು ಮೊಟಕು ಮಾಡಿದರೆ ಕವಲೊಡೆದು ಹೊಸ ಎಳೆಬೇರುಗಳು ಬರುತ್ತವೆ, ನೀರು ಮತ್ತು ಲವಣ ಹೀರುವುದು ಮುಖ್ಯವಾಗಿ ಆ ಎಳೆಬೇರುಗಳೇ. ಆಲ, ಅರಳಿ, ಬಸರಿಗಳ ಕುಂಡ ಬದಲಿಸಲು ನಮ್ಮಲ್ಲಿ ಒಳ್ಳೆಯ ಕಾಲ ಮುಂಗಾರಿನ ಹೊಸ್ತಿಲು. ರೋಹಿಣಿ, ಮೃಗಶಿರಾ ಮಳೆಗಳ ಹೊತ್ತಿಗೆ ಗಾಳಿಯಲ್ಲಿ ತೇವವಿರುತ್ತದೆ, ನೆಲದಲ್ಲಿ ಬಿಸಿ ಇರುತ್ತದೆ, ಕತ್ತರಿಸಿದ ಬೇರು ಬೇಗ ಚಿಗುರುತ್ತದೆ.

ಕೊಂಬೆ ಬಗ್ಗಿಸಲು ತಂತಿ ಸುತ್ತುವುದು ರೂಢಿ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯ ಹಿಂದಿರುವುದು ಲಿಗ್ನಿನ್. ಈ ವಸ್ತು ಜೀವಕೋಶದ ಗೋಡೆಗಳಲ್ಲಿ ತುಂಬಿಕೊಂಡ ಮೇಲೆ ಕೊಂಬೆ ಬಗ್ಗುವುದಿಲ್ಲ, ಮುರಿಯುತ್ತದೆ. ಆಲದ ಜಾತಿಯ ಮರಗಳು ಬೇಗ ದಪ್ಪವಾಗುವುದರಿಂದ ಮರೆತ ತಂತಿ ತೊಗಟೆಯೊಳಗೆ ಹೂತುಹೋಗುತ್ತದೆ. ದಕ್ಷಿಣ ಚೀನಾದ ಲಿಂಗ್‌ನಾನ್ ಪರಂಪರೆಯಲ್ಲಿ ಕತ್ತರಿಯೇ ಪ್ರಧಾನ. ಕತ್ತರಿಸುವುದು, ಬೇಕಾದ ದಿಕ್ಕಿಗೆ ನೋಡುವ ಮೊಗ್ಗನ್ನು ಬೆಳೆಯಲು ಬಿಡುವುದು, ಮತ್ತೆ ಕತ್ತರಿಸುವುದು. ವರ್ಷದ ಬಹುಪಾಲು ಚಿಗುರುವ ನಮ್ಮ ಮರಗಳಿಗೆ ಈ ದಾರಿ ಚೆನ್ನಾಗಿ ಒಪ್ಪುತ್ತದೆ. ತೀರಾ ಬೇಕೆನಿಸಿದರೆ ಎಳೆ ಕೊಂಬೆಗೆ ತೆಂಗಿನ ಹುರಿ ಕಟ್ಟಿ ಕೆಳಕ್ಕೆ ಎಳೆದರಾಯಿತು.

ತಟ್ಟೆಯ ಮಣ್ಣು, ಮಳೆಯ ನೀರು

ಆಳವಿಲ್ಲದ ಕುಂಡದ ದೊಡ್ಡ ಅಪಾಯ ನೀರು ನಿಲ್ಲುವುದು. ನೀರೆಲ್ಲ ಬಸಿದುಹೋದಂತೆ ಕಂಡರೂ ತಳದಲ್ಲಿ ಒಂದು ಒದ್ದೆ ಪದರ ಉಳಿಯುತ್ತದೆ; ಕಣಗಳ ನಡುವಿನ ಸಣ್ಣ ಸಂದುಗಳು ಅದನ್ನು ಹಿಡಿದಿಡುತ್ತವೆ. ಈ ಪದರದ ಎತ್ತರವನ್ನು ನಿರ್ಧರಿಸುವುದು ಕಣಗಳ ಗಾತ್ರ, ಕುಂಡದ ಆಳವಲ್ಲ. ಆದ್ದರಿಂದ ಅದೇ ಮಣ್ಣು ಆಳದ ಕುಂಡದಲ್ಲಿ ತಳವನ್ನಷ್ಟೇ ತೋಯಿಸಿದರೆ, ತಟ್ಟೆಯಂಥ ಕುಂಡದಲ್ಲಿ ಬಹುಪಾಲು ಬೇರನ್ನು ಮುಳುಗಿಸಿ ಕೊಳೆಸುತ್ತದೆ. ಪರಿಹಾರ ಒಂದೇ: ದಪ್ಪ ಕಣಗಳ, ಗಾಳಿಯಾಡುವ ಮಿಶ್ರಣ.

ಇದಕ್ಕಾಗಿ ಜಪಾನಿನ ಅಕದಾಮಾ ಮಣ್ಣನ್ನು ಹಡಗಿನಲ್ಲಿ ತರಿಸುವವರಿದ್ದಾರೆ. ವಿದೇಶಿ ಜೌಗುನೆಲಗಳಿಂದ ಅಗೆದ ಪೀಟ್ ಬಳಸುವವರೂ ಇದ್ದಾರೆ. ಪೀಟ್ ಜೌಗುನೆಲಗಳು ಭೂಮಿಯ ನೆಲದ ಶೇ 3ರಷ್ಟನ್ನು ಮಾತ್ರ ಆವರಿಸಿದ್ದರೂ ಜಗತ್ತಿನ ಎಲ್ಲ ಕಾಡುಗಳ ಮರಗಿಡಗಳಿಗಿಂತ ಹೆಚ್ಚು ಇಂಗಾಲವನ್ನು ಅಡಗಿಸಿಟ್ಟುಕೊಂಡಿವೆ. ಒಂದು ಪುಟ್ಟ ಮರಕ್ಕಾಗಿ ಆ ಪೀಟನ್ನು ಅಗೆಯಬೇಕಿಲ್ಲ. ಕೆಡವಿದ ಹಳೆ ಮನೆಯ ಇಟ್ಟಿಗೆ, ಹೆಂಚುಗಳನ್ನು ಕುಟ್ಟಿ ಜರಡಿ ಹಿಡಿದ ಚೂರು, ಬಳ್ಳಾರಿ ಜಾಲಿಯ ಇದ್ದಿಲು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಉಪ್ಪಿನಂಶ ಹೋಗುವಂತೆ ತೊಳೆದ ತೆಂಗಿನ ನಾರಿನ ಪುಡಿ, ಒಂದಿಷ್ಟು ಕೆಮ್ಮಣ್ಣು: ಇಷ್ಟಿದ್ದರೆ ಸಾಸಲಿನಂಥ ಊರಲ್ಲಿ ಮಿಶ್ರಣ ಸಿದ್ಧ. ಇಟ್ಟಿಗೆ ಚೂರಿನ ಒಳರಂಧ್ರಗಳು ನೀರು ಹಿಡಿಯುತ್ತವೆ, ಚೂರುಗಳ ನಡುವೆ ಗಾಳಿ ಓಡಾಡುತ್ತದೆ. ಗೊಬ್ಬರಕ್ಕೆ ಬೇವಿನ ಹಿಂಡಿ, ಹೊಂಗೆ ಹಿಂಡಿ ಸಾಕು.

ನೀರಿನ ಮಾತು ಇನ್ನೂ ಮುಖ್ಯ. ದೊಡ್ಡಬಳ್ಳಾಪುರದ ಕಡೆ ಅಂತರ್ಜಲ ಪಾತಾಳ ಸೇರಿದೆ. ಕೊಳವೆಬಾವಿಯ ಗಡಸು ನೀರು ಕುಂಡದ ಅಂಚಿಗೆ ಬಿಳಿ ಪೊರೆ ಕಟ್ಟುತ್ತದೆ. ಮಣ್ಣು ಕ್ಷಾರವಾಗಿ, ಇದ್ದ ಕಬ್ಬಿಣವೂ ಬೇರಿಗೆ ಎಟುಕದೆ, ಹೊಸ ಎಲೆ ಹಳದಿಯಾಗುತ್ತದೆ. ತಾರಸಿಯ ಮಳೆನೀರು ಹಿಡಿದಿಟ್ಟವರಿಗೆ ಈ ತೊಂದರೆ ಕಡಿಮೆ. ಸಂಗ್ರಹಿಸಿದ ನೀರಿನಲ್ಲಿ ಎಷ್ಟು ಕುಂಡಗಳನ್ನು ಬೇಸಿಗೆ ದಾಟಿಸಬಹುದೋ ಅಷ್ಟೇ ಕುಂಡ ಇಟ್ಟುಕೊಳ್ಳುವುದು ಬಯಲುಸೀಮೆಗೆ ತಕ್ಕ ಮಿತಿ.

ಗುಡ್ಡದ್ದು ಗುಡ್ಡಕ್ಕಿರಲಿ

ಬಂಡೆಯ ಮರ ಎಷ್ಟೇ ಆಸೆ ಹುಟ್ಟಿಸಿದರೂ ಕೀಳಬಾರದು. ಆಲದ ಕುಲದ ಮರಗಳು ಬೇರೆ ಹಣ್ಣಿಲ್ಲದ ಕಾಲದಲ್ಲೂ ಹಣ್ಣು ಬಿಡುತ್ತವೆ. ಕುಟ್ರುಹಕ್ಕಿ, ಪಿಕಳಾರ, ಗೊರವಂಕ, ಬಾವಲಿಗಳು ಆ ದಿನಗಳನ್ನು ಅವುಗಳಿಂದಲೇ ದಾಟುತ್ತವೆ. ಉಷ್ಣವಲಯದ ಕಾಡುಗಳಲ್ಲಿ ಆಲದ ಕುಲದ ಮರಗಳು ಇಡೀ ಪ್ರಾಣಿಸಮುದಾಯವನ್ನು ಪೋಷಿಸುವ ಸಸ್ಯಗಳೆಂದು ಪರಿಸರ ವಿಜ್ಞಾನಿ ಜಾನ್ ಟೆರ್ಬೋರ್ 1986ರಲ್ಲೇ ಎತ್ತಿ ತೋರಿಸಿದ್ದರು. ಕಿತ್ತ ಮುದಿಗಿಡ ಬೇರು ಕಳೆದುಕೊಂಡು ಸಾಯುವ ಸಂಭವವೂ ಹೆಚ್ಚು.

ಬದಲಿಗೆ ಹಳೆ ಗೋಡೆ, ಬಾವಿಕಟ್ಟೆ, ನೀರಿನ ತೊಟ್ಟಿಗಳಲ್ಲಿ ಹಕ್ಕಿ ಹಿಕ್ಕೆಯಿಂದ ಮೊಳೆತ ಅರಳಿ, ಬಸರಿ ಸಸಿಗಳಿವೆ. ಗೋಡೆ ಬಿರುಕು ಬಿಡುತ್ತದೆಂದು ಅವುಗಳನ್ನು ಹೇಗೂ ಕಿತ್ತೆಸೆಯುತ್ತಾರೆ. ಮಣ್ಣಿಲ್ಲದ ಕಡೆ ಬದುಕಿ ತೋರಿಸಿದ ಆ ಸಸಿಗಳಿಗಿಂತ ಒಳ್ಳೆಯ ಬೋನ್ಸಾಯ್ ಅಭ್ಯರ್ಥಿ ಸಿಗಲಾರದು. ಆಲದ ಕೊಂಬೆಯ ತುಂಡನ್ನು ನೆಟ್ಟರೂ ಬೇರು ಬರುತ್ತದೆ. ಚಳಿನಾಡಿನ ಗಿಡಗಳ ಮಾತು ಬೇರೆ. ಜಪಾನಿನ ಮೇಪಲ್‌ಗೆ ಚಳಿಗಾಲದ ವಿಶ್ರಾಂತಿ ಬೇಕು. ನಮ್ಮ ಬಯಲಿನಲ್ಲಿ ಅದು ಸಿಗದೆ ವರ್ಷದಿಂದ ವರ್ಷಕ್ಕೆ ಸೊರಗುತ್ತದೆ.

ಹುಣಸೆಯೂ ಒಳ್ಳೆಯ ಆಯ್ಕೆ. ಆಫ್ರಿಕಾ ಮೂಲದ್ದಾದರೂ ಶತಮಾನಗಳಿಂದ ನಮ್ಮ ಮಣ್ಣಿಗೆ ಒಗ್ಗಿದ ಮರ. ಅದರ ಕಿರುಎಲೆಗಳು ಹುಟ್ಟಿನಿಂದಲೇ ಚಿಕ್ಕವಾದ್ದರಿಂದ ಪುಟ್ಟ ಮರದಲ್ಲೂ ಅಳತೆ ಹೊಂದುತ್ತದೆ. ಎಲೆಯಷ್ಟು ಸುಲಭವಾಗಿ ಹಣ್ಣು ಕುಗ್ಗುವುದಿಲ್ಲ, ಹಾಗಾಗಿ ಬೋನ್ಸಾಯ್ ಹುಣಸೆಯಲ್ಲೂ ಕಾಯಿ ಕಾಯಿಯಷ್ಟೇ ಇರುತ್ತದೆ. ಮುದಿ ಹುಣಸೆ ಹೇಗಿರುತ್ತದೆಂದು ನೋಡಲು ಪಕ್ಕದ ದೇವನಹಳ್ಳಿ ತಾಲ್ಲೂಕಿನ ನಲ್ಲೂರು ತೋಪಿಗೆ ಹೋಗಬೇಕು. 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಣೆಯಾದ ಈ ತೋಪಿನಲ್ಲಿ ಕಾಂಡ ಟೊಳ್ಳಾಗಿ, ತಿರುಚಿಕೊಂಡು, ಆದರೂ ತಲೆತುಂಬ ಹಸಿರು ಹೊತ್ತ ಮರಗಳಿವೆ. ಮರದ ಒಳತಿರುಳು ಸತ್ತ ಭಾಗ. ಜೀವವಿರುವುದು ತೊಗಟೆಯ ಕೆಳಗಿನ ತೆಳುಪದರಗಳಲ್ಲಿ. ಬೋನ್ಸಾಯ್ ಕಲಾವಿದರು ಉಳಿಯಿಂದ ಕೆತ್ತಿ ತೋರಿಸುವ ಮುಪ್ಪನ್ನು ಕಾಲವೇ ಇಲ್ಲಿ ಕೆತ್ತಿದೆ.

ಕೈ ಹಾಕಿದ ಮೇಲೆ ಕೈ ಬಿಡಬಾರದು

ಬೋನ್ಸಾಯ್ ಎಂದರೆ ಮರಕ್ಕೆ ಕೊಡುವ ಹಿಂಸೆ ಎಂಬ ಮಾತಿದೆ. ಗಿಡಕ್ಕೆ ನರಮಂಡಲವಿಲ್ಲ ಎಂದು ಹೇಳಿ ಆ ಆಕ್ಷೇಪವನ್ನು ತಳ್ಳಿಹಾಕುವುದು ಸುಲಭ, ಆದರೆ ಸಾಲದು. ಮರ ಆರೋಗ್ಯವಾಗಿದೆಯೇ ಎಂಬುದನ್ನೇ ಕೇಳಬೇಕು. ಪ್ರತಿ ಮಳೆಗಾಲಕ್ಕೂ ಹೊಸ ಚಿಗುರು, ಕುಂಡ ಬದಲಿಸುವಾಗ ಬಿಳಿ ಬೇರುತುದಿ, ವಯಸ್ಸಿಗೆ ಬಂದಾಗ ಹೂ, ಕಾಯಿ ಕಂಡರೆ ಉತ್ತರ ಸಿಕ್ಕಂತೆ.

ಸಹಜ ಕೃಷಿಯನ್ನು ಪ್ರತಿಪಾದಿಸಿದ ಜಪಾನಿನ ರೈತ ಮಸನೊಬು ಫುಕುವೋಕಾ ಹೇಳಿಕೊಂಡ ಅನುಭವ ಇಲ್ಲಿ ಮುಖ್ಯವಾಗುತ್ತದೆ. ತಂದೆ ಸವರಿ ಬೆಳೆಸಿದ್ದ ಕಿತ್ತಳೆ ಜಾತಿಯ ತೋಟವನ್ನು ಪ್ರಕೃತಿಯೇ ನೋಡಿಕೊಳ್ಳಲೆಂದು ಅವರು ಸವರದೆ ಬಿಟ್ಟರು. ಕೊಂಬೆಗಳು ಹೆಣೆದುಕೊಂಡವು, ಕೀಟಗಳು ಮುತ್ತಿದವು, ಮರಗಳು ಒಣಗಿದವು. ಒಮ್ಮೆ ಮನುಷ್ಯ ರೂಪಿಸಿದ ಮರವನ್ನು ಹಾಗೇ ತೊರೆಯುವುದು ಸಹಜ ಕೃಷಿಯಲ್ಲ ಎಂದು ಅವರು ಕಂಡುಕೊಂಡರು. ಫುಕುವೋಕಾ ವಿಚಾರಗಳಿಂದ ಪ್ರೇರಣೆ ಪಡೆದು, ದೊಡ್ಡಬಳ್ಳಾಪುರದ ಬಳಿಯ ತಮ್ಮ ತೋಟದಲ್ಲಿ ರಾಸಾಯನಿಕವಿಲ್ಲದ ಬೇಸಾಯ ಮಾಡಿ ತೋರಿಸಿದವರು 2019ರಲ್ಲಿ ತೀರಿಕೊಂಡ ಎಲ್. ನಾರಾಯಣ ರೆಡ್ಡಿ. ರೂಪಿಸಿದ್ದನ್ನು ತೊರೆಯಬಾರದೆಂಬ ಫುಕುವೋಕಾ ಪಾಠ ಕುಂಡಕ್ಕೂ ಹೊಂದುತ್ತದೆ.

ಇಂಥ ಹೊಣೆ ತಲೆಮಾರು ದಾಟಬಲ್ಲದು. ಹಿರೋಶಿಮಾದ ಯಮಾಕಿ ಕುಟುಂಬದ ಬಿಳಿ ಪೈನ್ ಮರ 1625ರಿಂದ ಕುಂಡದಲ್ಲಿದೆ. 1945ರ ಅಣುಬಾಂಬಿನಿಂದ ಪಾರಾದ ಅದನ್ನು ಮಸರು ಯಮಾಕಿ 1976ರಲ್ಲಿ ಅಮೆರಿಕಕ್ಕೇ ಉಡುಗೊರೆಯಾಗಿ ಕೊಟ್ಟರು. ದಿನವೂ ನೀರೆರೆಯುವ ಒಂದು ಕೈ ಇದ್ದದ್ದರಿಂದಲೇ ಅದು ವಾಷಿಂಗ್ಟನ್ನಿನ ಸಸ್ಯೋದ್ಯಾನದವರೆಗೆ ಉಳಿದು ಬಂತು.

ಮುಂದೆ ನೋಡಿಕೊಳ್ಳುವವರಿಲ್ಲದಿದ್ದರೆ ನಮ್ಮ ಅರಳಿ, ಆಲಗಳಿಗೆ ಇನ್ನೊಂದು ದಾರಿ ತೆರೆದೇ ಇದೆ. ಮುಂಗಾರಿನಲ್ಲಿ ಕುಂಡದಿಂದ ಬಿಡಿಸಿ, ಸುತ್ತಿಕೊಂಡ ಬೇರು ಹರಡಿ, ಕಟ್ಟಡಗಳಿಂದ ದೂರ, ಗೋಮಾಳದಲ್ಲೋ ಕೆರೆಯಂಗಳದ ಅಂಚಿನಲ್ಲೋ ನೆಟ್ಟರೆ ಬೇರಿನ ಮಿತಿ ಕಳಚಿದ ಮರ ಮತ್ತೆ ಎತ್ತರಕ್ಕೆ ಹೊರಡುತ್ತದೆ. ಬೋನ್ಸಾಯ್ ಮಾಡಲು ಗಿಡ ಆರಿಸುವ ದಿನವೇ ಈ ಪ್ರಶ್ನೆ ಹಾಕಿಕೊಳ್ಳೋಣ: ನಾಳೆ ಇದನ್ನು ನಮ್ಮೂರ ನೆಲಕ್ಕೆ ಇಳಿಸಿದರೆ ಇದು ಬದುಕೀತೇ, ಹಕ್ಕಿಗಳಿಗೆ ಹಣ್ಣು ಕೊಟ್ಟೀತೇ? ಹೌದು ಎನ್ನಬಲ್ಲ ಗಿಡವನ್ನಷ್ಟೇ ಕುಂಡಕ್ಕೆ ತರಬೇಕು.